ಆರು ಮಂದಿ ಸರಸ್ವತೀ ಭಂಡಾರಿಗಳು

(ಸಾರ್ವಜನಿಕ ಗ್ರಂಥಾಲಯದಲ್ಲಿ ಪರಿಣತರ ಕೆಲಸ ಕುರಿತ ವಿಚಾರ ಸಂಕಿರಣದ ಆಶಯ ಭಾಷಣ, ಆಡಕಿ)

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಆಡಕಿಗೆ ಬಂದಿರುವ ಗ್ರಂಥಾಲಯ ಮೇಲ್ವಿಚಾರಕರೆ, ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳೆ,

ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಇಷ್ಟು ಸಮೀಪ ಮೈಕಿನ ಮುಂದೆ ನಿಂತವರು ನೃಪತುಂಗನಿಂದ ಮಾತು ತೆಗೆಯುವುದು ವಾಡಿಕೆ. ಕವಿರಾಜಮಾರ್ಗದ ಮೇಲೆ ನನಗೂ ಗೌರವವಿದೆ. ಆದರೆ ಇವತ್ತಿನ ವಿಷಯಕ್ಕೆ ಬೇಕಾದ ದಾಖಲೆ ಇರುವುದು ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ. ಎಲ್ಲಮ್ಮನ ಜಾತ್ರೆಗೆ ಹೋದವರೆಲ್ಲ ಆ ಊರು ಕಂಡವರೇ. ಅರವತ್ತು ಕಂಬದ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚಿದವರೂ ಈ ಸಭೆಯಲ್ಲಿ ಇರಬೇಕು.

ಅಲ್ಲಿಯ ಒಂದು ಶಾಸನ 1058ನೇ ಇಸವಿಯದು. ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರ ಆಳುತ್ತಿದ್ದ ಕಾಲ. ಅವನ ಮಂತ್ರಿ ಮಧುಸೂದನ ಅಲ್ಲೊಂದು ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ, ಕಟ್ಟಿಸಿ ದತ್ತಿ ಬಿಟ್ಟ. ವೇದ ಓದುವ 200 ಮಂದಿ, ಶಾಸ್ತ್ರ ಓದುವ ಐವತ್ತಕ್ಕೂ ಹೆಚ್ಚು ಮಂದಿ, ಅವರಿಗೆ ಕಲಿಸುವ ಉಪಾಧ್ಯಾಯರು, ಎಲ್ಲರ ಲೆಕ್ಕವೂ ಅದರಲ್ಲಿದೆ. ಇವರ ಜೊತೆಗೇ ಆರು ಮಂದಿ ಸರಸ್ವತೀ ಭಂಡಾರಿಗಳು. ಪುಸ್ತಕ ನೋಡಿಕೊಳ್ಳುವುದೇ ಕೆಲಸವಾಗಿದ್ದವರು. ಸುಮಾರು 250 ಓದುಗರಿಗೆ ಆರು ಮಂದಿ.

ಇದನ್ನು ಕೇಳಿ ಚಪ್ಪಾಳೆ ಹೊಡೆಯುವ ಮೊದಲು ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಆ ಭಂಡಾರದ ಬಾಗಿಲು ಊರಿಗೆಲ್ಲ ತೆರೆದಿರಲಿಲ್ಲ. ಹೊಲ ಉತ್ತವರ, ಕಲ್ಲು ಒಡೆದವರ ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಆದ್ದರಿಂದ ಅದನ್ನು ನಮ್ಮ ಸಾರ್ವಜನಿಕ ಗ್ರಂಥಾಲಯದ ಅಜ್ಜನ ಮನೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ನಾನು ಆ ಕಲ್ಲಿನ ಎದುರು ನಿಲ್ಲುವುದು ಬೇರೆ ಕಾರಣಕ್ಕೆ. ಓಲೆಗರಿ ಎಷ್ಟು ಕಟ್ಟು ಇದ್ದವು ಎನ್ನುವುದಕ್ಕಿಂತ ನೋಡಿಕೊಳ್ಳುವವರು ಎಷ್ಟು ಮಂದಿ ಎನ್ನುವುದು ಕಲ್ಲಿನ ಮೇಲೆ ಕೆತ್ತುವಷ್ಟು ದೊಡ್ಡ ಸಂಗತಿ ಎಂದು ಆ ಕಾಲದವರಿಗೆ ಅನ್ನಿಸಿತ್ತು.

ನಾವು ಎಣಿಸುವುದು ತಿರುವುಮುರುವು. ಕಟ್ಟಡ ಎಣಿಸುತ್ತೇವೆ, ಕಂಪ್ಯೂಟರ್ ಎಣಿಸುತ್ತೇವೆ, ಸದಸ್ಯರಾದ ಮಕ್ಕಳನ್ನು ಎಣಿಸಿ ಫೋಟೊ ಹಾಕುತ್ತೇವೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಕರಡಿನ ಬೆನ್ನಿಗೆ ಬಂದ ಕಾಯ್ದೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಓದುವ ಬೆಳಕು ಅಭಿಯಾನ ಬಂತು, ಅರಿವು ಕೇಂದ್ರ ಎಂಬ ಹೊಸ ಬೋರ್ಡು ಬಂತು, ಎಷ್ಟೋ ಊರುಗಳಲ್ಲಿ ಗೋಡೆಗೆ ಬಣ್ಣವೂ ಬಂತು. ಈ ಬದಲಾವಣೆ ಒಳ್ಳೆಯದು, ನಾನು ಅದರ ಪರವಾಗಿಯೇ ಇದ್ದೇನೆ. ಆದರೆ ಈ ಎಲ್ಲದರ ನಡುವೆ ಬೀಗ ತೆಗೆಯುವುದೂ, ಕಸ ಗುಡಿಸುವುದೂ, ಪುಸ್ತಕ ಕೊಡುವುದೂ, ಆನ್‌ಲೈನ್ ವರದಿ ತುಂಬುವುದೂ ಒಬ್ಬರೇ. ಆ ಒಬ್ಬರಿಗೆ ತಿಂಗಳ ದುಡ್ಡು ತಿಂಗಳಿಗೆ ಬರುತ್ತದೆಯೇ ಎಂದು ಕೇಳಿದರೆ ಈ ಸಭಾಂಗಣದಲ್ಲಿ ಏಳುವ ನಗು ಎಂಥದೆಂದು ನನಗೆ ಗೊತ್ತು. ಆ ನಗು ಗಂಭೀರವಾದ ವಿಷಯ. ಸಂಬಳದ ಗ್ಯಾರಂಟಿ ಇಲ್ಲದ ಕಡೆ ಪರಿಣತಿಯ ಮಾತು ಎತ್ತುವುದಕ್ಕೇ ನಾಲಿಗೆ ತಡವರಿಸುತ್ತದೆ.

ಆದರೂ ಎತ್ತಬೇಕು. ಏಕೆಂದರೆ ‘ಪುಸ್ತಕ ಕೊಡೋದು, ಇಸಗೊಳ್ಳೋದು, ಇದರಾಗ ಏನದ’ ಎನ್ನುವವರು ಪಂಚಾಯತಿ ಕಟ್ಟೆಯ ಮೇಲೂ ಇದ್ದಾರೆ, ಮೇಲಿನ ಕಚೇರಿಗಳಲ್ಲೂ ಇದ್ದಾರೆ. ಏನದ ಎಂದು ಒಂದು ಉದಾಹರಣೆ ಹಿಡಿದು ನೋಡೋಣ.

ಕಾರ್ತಿಕದ ಹೊತ್ತು. ಒಬ್ಬ ರೈತ ಬಂದು, ‘ತೊಗರಿಗಿ ರೋಗ ಬಿದ್ದದರಿ, ಒಂದ್ ಪುಸ್ತಕ ಇದ್ರ ನೋಡ್ರಿ’ ಅನ್ನುತ್ತಾನೆ. ಕೃಷಿ ಎಂದು ಬರೆದ ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೈಗಿಟ್ಟರೆ ಅದು ಪುಸ್ತಕ ಕೊಟ್ಟಂತೆ, ಅಷ್ಟೆ. ಪರಿಣತರು ಮೊದಲು ಕೇಳುತ್ತಾರೆ: ಗಿಡ ಒಣಗುತ್ತಿದೆಯೋ, ಹಸಿರಾಗಿಯೇ ಇದೆಯೋ? ನಿಂತಂತೆಯೇ ಬಾಡಿ ಒಣಗಿ, ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಂಡರೆ ಅದು ನೆಟೆ ರೋಗ ಇರಬಹುದು. ಮಣ್ಣಿನ ಶಿಲೀಂಧ್ರದಿಂದ ಬರುವಂಥದು. ಗಿಡ ಹಸಿರಾಗಿದ್ದೂ ಎಲೆ ಸಣ್ಣದಾಗಿ, ಹೂವೇ ಬಿಡದಿದ್ದರೆ ಗೊಡ್ಡು ರೋಗ. ಅದನ್ನು ಹರಡುವುದು ಕಣ್ಣಿಗೆ ಕಾಣದ ನುಸಿ. ಎರಡಕ್ಕೂ ದಾರಿ ಬೇರೆ ಬೇರೆ. ನುಸಿಗೆ ಹೊಡೆಯುವ ಔಷಧ ನೆಟೆ ರೋಗಕ್ಕೆ ಸುರಿದರೆ ದುಡ್ಡು ಮಣ್ಣುಪಾಲು. ನೆಟೆಯ ಹೊಲವಾದರೆ ಈ ವರ್ಷ ಮಾಡಬಹುದಾದ್ದು ಕಡಿಮೆ. ಮುಂದಿನ ಬಿತ್ತನೆಗೆ ಆ ರೋಗ ತಡೆಯುವ ಟಿಎಸ್-3ಆರ್‌ನಂಥ ತಳಿ, ಬೆಳೆ ಬದಲಾವಣೆ, ಬೀಜೋಪಚಾರ, ಇವುಗಳ ಬಗ್ಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ, ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಪ್ರಕಟಣೆ ಹುಡುಕಿ ಕೊಡಬೇಕು. ಅವನಿಗೆ ಓದಲು ಬಾರದಿದ್ದರೆ ಓದಿ ಹೇಳಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಏನು ಕೇಳಬೇಕೆಂದು ಚೀಟಿಯ ಮೇಲೆ ಬರೆದು ಕಳಿಸಬೇಕು.

ಗಮನಿಸಿ, ಮೇಲ್ವಿಚಾರಕರು ಇಲ್ಲಿ ಔಷಧ ಹೇಳಲಿಲ್ಲ. ಹೇಳಬಾರದು ಕೂಡ. ಅವರು ಮಾಡಿದ್ದು ಪ್ರಶ್ನೆಯನ್ನು ಬಿಡಿಸಿ ನಂಬಬಹುದಾದ ಕಡೆಗೆ ಮುಟ್ಟಿಸಿದ್ದು. ಜನ ಬಾಯಲ್ಲಿ ಕೇಳುವ ಪ್ರಶ್ನೆಗೂ ಮನಸ್ಸಿನಲ್ಲಿರುವ ಪ್ರಶ್ನೆಗೂ ನಡುವೆ ಅಂತರವಿರುತ್ತದೆ. ಆ ಅಂತರ ದಾಟಿಸುವುದೇ ನಮ್ಮ ಕಸುಬಿನ ತಿರುಳು. ಔಷಧ ಅಂಗಡಿಯವನು ಮಾರುವುದಕ್ಕೆ ಉತ್ತರ ಹೇಳುತ್ತಾನೆ, ಮೊಬೈಲು ಯಾವ ಊರಿನ ಯಾವ ಬೆಳೆಗೋ ಉತ್ತರ ಹೇಳುತ್ತದೆ. ಏನನ್ನೂ ಮಾರದೆ, ಎದುರಿಗೆ ಕೂತವನ ಹೊಲದ ಬಗ್ಗೆ ಕೇಳುವವರು ಹಳ್ಳಿಯಲ್ಲಿ ಇನ್ನು ಯಾರಿದ್ದಾರೆ ಹೇಳಿ.

ಸ್ಪರ್ಧಾತ್ಮಕ ಪರೀಕ್ಷೆಯ ಓದುಗರ ಬಗ್ಗೆ ಒಂದಿಷ್ಟು ಖಾರವಾಗಿಯೇ ಹೇಳುತ್ತೇನೆ. ಕಲ್ಯಾಣ ಕರ್ನಾಟಕಕ್ಕೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ನೌಕರಿಯ ಆಸೆ ನಿಜವಾದ ಆಸೆಯಾಯಿತು. ಅವರಿಗೆ ಮೇಜು, ಫ್ಯಾನು, ದೀಪ ಬೇಕು, ಕೊಡಲೇಬೇಕು. ಆದರೆ ಇಡೀ ಗ್ರಂಥಾಲಯವೇ ಅವರ ಅಧ್ಯಯನ ಕೊಠಡಿಯಾಗಿ, ಮಕ್ಕಳು ಗದ್ದಲ ಮಾಡುತ್ತಾರೆಂದು ಹೊರಗೆ ಹೋಗಿ, ಹೆಂಗಸರು ಹೊಸ್ತಿಲು ತುಳಿಯಲು ಹಿಂಜರಿದು ನಿಂತರೆ ಅದು ಸಾರ್ವಜನಿಕ ಗ್ರಂಥಾಲಯವಾಗಿ ಉಳಿಯುವುದಿಲ್ಲ. ಕಪಾಟಿನಲ್ಲಿ ಹಳೆ ಪಠ್ಯಕ್ರಮದ ಗೈಡುಗಳು ಇನ್ನೂ ಕೂತಿವೆ. ತಪ್ಪು ಮಾಹಿತಿಯ ಗೈಡು ಇಲ್ಲದಿರುವುದು ಇರುವುದಕ್ಕಿಂತ ಮೇಲು. ಹಳತು ತೆಗೆಯುವುದೂ ಸಂಗ್ರಹದ ಕೆಲಸವೇ.

ತೆಗೆಯಲು ಕೈ ಏಕೆ ಬರುವುದಿಲ್ಲ ಎನ್ನುವುದೂ ಗೊತ್ತಿರುವ ಸಂಗತಿ. ದಾಸ್ತಾನು ವಹಿಯಲ್ಲಿರುವ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ತಪಾಸಣೆಯ ದಿನ ಉತ್ತರ ಕೊಡಬೇಕಾದವರು ಮೇಲ್ವಿಚಾರಕರು. ಈ ಭಯಕ್ಕೇ ಒಳ್ಳೆ ಪುಸ್ತಕ ಗಾಜಿನ ಕಪಾಟಿನಲ್ಲಿ ಬೀಗದ ಹಿಂದೆ, ಹರಿದದ್ದು ಮೇಜಿನ ಮೇಲೆ. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎನ್ನುವುದು. ಆ ಪಾಠವನ್ನು ಮೇಲ್ವಿಚಾರಕರಿಗೆ ಮತ್ತೆ ಮತ್ತೆ ಹೇಳುವುದಕ್ಕಿಂತ ಲೆಕ್ಕ ತಪಾಸಣೆ ಮಾಡುವವರಿಗೆ ಒಮ್ಮೆ ಹೇಳಿದರೆ ಸಾಕು. ಬಳಕೆಯಲ್ಲಿ ಸವೆದ, ಕಳೆದ ಪುಸ್ತಕಕ್ಕೆ ವರ್ಷಕ್ಕಿಷ್ಟು ಎಂದು ಮಿತಿ ಇಟ್ಟು ವಹಿಯಿಂದ ತೆಗೆದುಹಾಕುವ ಅಧಿಕಾರ ಪಂಚಾಯತಿ ಮಟ್ಟದಲ್ಲೇ ಇರಬೇಕು. ಈ ಸಂಕಿರಣದಿಂದ ಒಂದೇ ಒಂದು ಠರಾವು ಹೋಗುವುದಾದರೆ ಅದು ಇದಾಗಲಿ.

ಇನ್ನು ಭಾಷೆ. ಗ್ರಂಥಾಲಯ ವಿಜ್ಞಾನದ ಪಠ್ಯದಲ್ಲಿ ಓದುಗರಿಗೆ ಒಂದೇ ಭಾಷೆ ಇರುತ್ತದೆ, ಇಲ್ಲಿ ಹಾಗಲ್ಲ. ಆಡಕಿಯಿಂದ ತೆಲಂಗಾಣದ ಗಡಿ ದೂರವಿಲ್ಲ. ತಾಂಡೂರು, ಕೊಡಂಗಲ್ 1956ರವರೆಗೆ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು. ಬೀಗತನ ಇವತ್ತಿಗೂ ಆ ಕಡೆಯೇ ನಡೆಯುತ್ತದೆ. ಕನ್ನಡ ಶಾಲೆಗೆ ಹೋಗುವ ಹುಡುಗಿ ಮನೆಯಲ್ಲಿ ತೆಲುಗು ಆಡುತ್ತಾಳೆ. ಶಹಾಬಾದ, ವಾಡಿಯ ಓಣಿಗಳಲ್ಲಿ ಉರ್ದು ಪತ್ರಿಕೆಗೆ ಕಾಯುವ ಹಿರಿಯರಿದ್ದಾರೆ. ಚಿಂಚೋಳಿಯ ತಾಂಡಾಗಳ ಲಂಬಾಣಿ ಮಾತಿಗೆ ತನ್ನದೇ ಲಿಪಿಯಿಲ್ಲ. ಹಾಡು, ಕಥೆ ಬಾಯಲ್ಲೇ ಇವೆ. ಬೆಂಗಳೂರಿನಿಂದ ಸಗಟು ಖರೀದಿಯಾಗಿ ಬರುವ ಪೆಟ್ಟಿಗೆಯಲ್ಲಿ ಇವರಿಗೆ ಏನೂ ಇರುವುದಿಲ್ಲ. ತಾಂಡಾದ ಅಜ್ಜಿಯ ಕಥೆಯನ್ನು ಮಕ್ಕಳಿಂದಲೇ ಕನ್ನಡ ಲಿಪಿಯಲ್ಲಿ ಬರೆಸಿ, ಹೊಲಿದು, ಸಂಖ್ಯೆ ಕೊಟ್ಟು ಕಪಾಟಿಗೆ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ದೀಪಾವಳಿ ಮುಗಿದ ಮೇಲೆ ಅಪ್ಪ ಅವ್ವ ಮುಂಬೈ, ಪುಣೆಗೆ ದುಡಿಯಲು ಹೋದಾಗ ಅಜ್ಜಿಯ ಹತ್ತಿರ ಉಳಿಯುವ ಮಕ್ಕಳಿಗೆ ಸಂಜೆ ತೆರೆದಿರುವ ಬಾಗಿಲು ಇನ್ನೂ ಮುಖ್ಯ. ಮಕ್ಕಳು ಗ್ರಂಥಾಲಯದವರೆಗೆ ಬರಲಾರದಿದ್ದರೆ ಪುಸ್ತಕ ಹೋಗಬೇಕು. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲೇ ಎತ್ತಿನ ಬಂಡಿಯಲ್ಲಿ ಪುಸ್ತಕ ಹೊರಟಿತ್ತು. ನಮ್ಮಲ್ಲಿ ಪಂಚಾಯತಿಯ ಕಸದ ಗಾಡಿ ತಾಂಡಾಕ್ಕೆ ಹೋಗುತ್ತದೆ, ಪುಸ್ತಕ ಹೋಗುವುದಿಲ್ಲ.

ಸ್ಥಳೀಯ ಸಂಗ್ರಹದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಮಧ್ಯಾಹ್ನ ಅದಕ್ಕೇ ಒಂದು ಗೋಷ್ಠಿ ಇದೆ. ನಾಗಾವಿಯ ಶಾಸನಗಳು 1928ರಲ್ಲಿ, ನಿಜಾಮರ ಕಾಲದ ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ಅಚ್ಚಾದವು. ಆ ಪುಸ್ತಕದ ಒಂದು ಪ್ರತಿ, ನೆರಳಚ್ಚಾದರೂ ಸರಿ, ಚಿತ್ತಾಪುರ ತಾಲ್ಲೂಕಿನ ಯಾವುದಾದರೂ ಸಾರ್ವಜನಿಕ ಗ್ರಂಥಾಲಯದಲ್ಲಿ ಇದೆಯೇ? ಸನ್ನತಿಯ ಅಶೋಕನ ಶಾಸನ, ಕನಗನಹಳ್ಳಿಯ ಸ್ತೂಪದ ಬಗ್ಗೆ ಲೋಕವೆಲ್ಲ ಬರೆದಿದೆ. ಅದನ್ನು ಓದಲು ಇಲ್ಲಿಯ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ಶಹಾಬಾದಿನ ಹಾಸುಗಲ್ಲು ಊರೂರ ಅಂಗಳಕ್ಕೆ ಹೋಯಿತು, ಗಣಿಯಲ್ಲಿ ಕಲ್ಲು ಎಬ್ಬಿಸಿದವರ ಕೂಲಿ ಪುಸ್ತಕ, ಸಂಘದ ಕರಪತ್ರ, ಫೋಟೊ ಮಾತ್ರ ಮನೆಯ ಟ್ರಂಕಿನಲ್ಲಿ ಗೆದ್ದಲು ಕಾಯುತ್ತಿವೆ. ಇವನ್ನು ಉಳಿಸಲು ವಿಶ್ವವಿದ್ಯಾಲಯ ಬರಲಿ ಎಂದು ಕಾಯಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆದು, ಯಾರ ಮನೆಯದು, ಯಾವ ವರ್ಷದ್ದು ಎಂದು ಬರೆದಿಟ್ಟು, ಮೂಲವನ್ನು ಅವರಿಗೇ ಹಿಂದಿರುಗಿಸಿ.

ಕೊನೆಗೆ ದುಡ್ಡು. ಗ್ರಂಥಾಲಯಕ್ಕೆ ದುಡ್ಡಿಲ್ಲ ಎನ್ನುವುದು ಅರ್ಧ ಮಾತು. ಮನೆ, ಕಟ್ಟಡದ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ನಾವೆಲ್ಲ ಕಟ್ಟುತ್ತೇವೆ. ಈ ಜಿಲ್ಲೆಯ ತೆರಿಗೆ ಪಟ್ಟಿಯಲ್ಲಿ ಬರೀ ಮಣ್ಣಿನ ಮಾಳಿಗೆ ಮನೆಗಳಿಲ್ಲ. ಸೇಡಂ, ಮಳಖೇಡ, ವಾಡಿಯ ಸುತ್ತ ಸುಣ್ಣದ ಕಲ್ಲನ್ನು ಸಿಮೆಂಟು ಮಾಡುವ ದೊಡ್ಡ ಕಾರ್ಖಾನೆಗಳಿವೆ. ಅವುಗಳ ತೆರಿಗೆ ಬೇಡಿಕೆ ಎಷ್ಟು, ವಸೂಲಿ ಎಷ್ಟು, ಅದರ ಮೇಲಿನ ಕರ ಯಾವ ಖಾತೆಗೆ ಹೋಯಿತು, ಅದರಲ್ಲಿ ಪುಸ್ತಕಕ್ಕೆ ಎಷ್ಟು, ಮೇಲ್ವಿಚಾರಕರ ವೇತನಕ್ಕೆ ಎಷ್ಟು? ನಾಗಾವಿಯ ಶಾಸನ ದತ್ತಿಯ ಲೆಕ್ಕವನ್ನು ಯಾರು ಬೇಕಾದರೂ ಬಂದು ನೋಡುವ ಹಾಗೆ ಬಯಲಲ್ಲಿ ನಿಲ್ಲಿಸಿತ್ತು. ಅರಿವು ಕೇಂದ್ರದ ಗೋಡೆಯ ಮೇಲೆ ಈಗ ಮಹಾತ್ಮರ ಚಿತ್ರಗಳಿಗೆ ಜಾಗ ಇದೆ. ಪಕ್ಕದಲ್ಲಿ ಎರಡು ಅಡಿ ಜಾಗದಲ್ಲಿ ಕರದ ಲೆಕ್ಕವನ್ನೂ ಬರೆಸಬಹುದು.

ಮೊದಲ ಗೋಷ್ಠಿ ಇದೇ ವಿಷಯದ್ದು. ಕರ ವಸೂಲಿಯ ವಿವರ ತಂದಿರುವವರು ಅದನ್ನು ಮುಂದಿನ ಸಾಲಿಗೆ ಕಳಿಸಿಕೊಡಿ. ತಂದಿಲ್ಲದವರು ಚಹಾದ ಬಿಡುವಿನಲ್ಲಿ ನಿಮ್ಮ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಫೋನು ಮಾಡಿ ಕೇಳಿ, ಅವರು ಏನು ಹೇಳಿದರೋ ಅದನ್ನೇ ಬರೆದುಕೊಂಡು ಬನ್ನಿ.