ಮನೆಯ ಕರೆಂಟು: ಫ್ಯೂಸ್ ಯಾರನ್ನು ಕಾಯುತ್ತದೆ?



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದಿದ್ದರು. ಆದರೆ ಬುಕ್ಕಸಾಗರದ ಪ್ರತಿ ಮನೆಗೂ ಬೇಕಾದದ್ದು ಕರೆಂಟಿನ ವಿಷಯ.

ಕಂಬದಿಂದ ಮನೆಗೆ ಎರಡು ತಂತಿ ಬರುತ್ತವೆ. ಫೇಸ್ ಕರೆಂಟನ್ನು ತರುತ್ತದೆ, ನ್ಯೂಟ್ರಲ್ ವಾಪಸ್ ಒಯ್ಯುತ್ತದೆ. ನಡುವೆ 230 ವೋಲ್ಟ್. ಮೂರನೆಯದಾದ ಅರ್ಥಿಂಗ್ ಬರುವುದು ಮನೆಯ ಪಕ್ಕದ ಗುಂಡಿಯಿಂದ. ಸ್ವಿಚ್ಚು ಫೇಸ್ ತಂತಿಯಲ್ಲೇ ಇರಬೇಕು. ನ್ಯೂಟ್ರಲ್‌ಗೆ ಹಾಕಿದರೂ ಬಲ್ಬು ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟು ಉಳಿದಿರುತ್ತದೆ.

ಈಗ ಒಂದು ಲೆಕ್ಕ. ಒದ್ದೆ ಮೈಯ ರೋಧ ಸುಮಾರು 1,000 ಓಮ್ ಎಂದಿಟ್ಟುಕೊಳ್ಳಿ. ಫೇಸ್ ತಂತಿ ಮುಟ್ಟಿದರೆ ಓಮನ ನಿಯಮದಂತೆ 0.23 ಆಂಪಿಯರ್ ಮೈಯಲ್ಲಿ ಹರಿಯುತ್ತದೆ. ಎದೆಯ ಮೂಲಕ ಹಾದರೆ ಜೀವ ತೆಗೆಯಲು ಅದರ ಅರ್ಧವೂ ಸಾಕು. ಆದರೆ 5 ಆಂಪಿಯರ್ ಫ್ಯೂಸ್ ಕರಗಬೇಕಾದರೆ 5ಕ್ಕಿಂತ ಹೆಚ್ಚು ಹರಿಯಬೇಕು. ಮನುಷ್ಯ ಒದ್ದಾಡುತ್ತಿದ್ದರೂ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ! ಎಂಸಿಬಿಯ ಕಥೆಯೂ ಅಷ್ಟೇ. ಇವೆರಡೂ ಇರುವುದು ತಂತಿ ಕಾದು ಬೆಂಕಿ ಹತ್ತದಿರಲಿ ಎಂದು. ನೀರು ಕಾಯಿಸುವ 1,500 ವ್ಯಾಟಿನ ಕಾಯಿಲು 6.5 ಆಂಪಿಯರ್ ಎಳೆಯುತ್ತದೆ. ಅದನ್ನು ದೀಪದ ಬೋರ್ಡಿಗೆ ಸಿಕ್ಕಿಸಿ, ಫ್ಯೂಸ್ ಹೋಯಿತೆಂದು ನಾಲ್ಕು ಎಳೆ ತಾಮ್ರದ ತಂತಿ ಸುತ್ತುವ ಜಾಣರು ಆ ಕಾವಲನ್ನೂ ಕಳೆಯುತ್ತಾರೆ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಅದು ಮಾಡುವುದು ಬರೀ ಕಳೆಯುವ ಲೆಕ್ಕ. ಫೇಸ್‌ನಲ್ಲಿ ಹೋದಷ್ಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ? 30 ಮಿಲಿಆಂಪಿಯರ್ ಕಡಿಮೆ ಬಂದರೂ ಅಷ್ಟು ಎಲ್ಲೋ ನೆಲಕ್ಕೆ ಸೋರುತ್ತಿದೆ ಎಂದರ್ಥ, 0.3 ಸೆಕೆಂಡಿನೊಳಗೆ ಕರೆಂಟು ಕಡಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ಫ್ರಿಜ್ಜಿನ ಮೈಗೆ ಕರೆಂಟು ತಾಗಿದ ಕೂಡಲೇ ಕಡಿಯುತ್ತದೆ; ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಮಾತ್ರ ಇದೂ ಉಳಿಸಲಾರದು. ಎಂಸಿಬಿಯ ಕೆಲಸವನ್ನೂ ಇದು ಮಾಡುವುದಿಲ್ಲ, ಎರಡೂ ಬೇಕು.

ನಮ್ಮೂರ ಬೇಸಿಗೆ ನಿಮಗೆ ಗೊತ್ತೇ ಇದೆ. ಗುಂಡಿಯ ಮಣ್ಣು ಒಣಗಿದರೆ ಅರ್ಥಿಂಗ್ ಹೆಸರಿಗಷ್ಟೇ. ಬಾಳೆಗೆ ನೀರು ಬಿಡುವುದು ನೆನಪಿರುತ್ತದೆ, ಗುಂಡಿಗೆ ಒಂದು ಕೊಡ ನೀರು ಹಾಕುವುದು ಮರೆಯುತ್ತದೆ. ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯನ್ನು ಸರ್ವಿಸ್ ವೈರಿನ ಹತ್ತಿರ ಕಟ್ಟಬೇಡಿ. ಪ್ಲಾಸ್ಟಿಕ್ ಹಗ್ಗ ಸಾಕು.

ಆರ್‌ಸಿಸಿಬಿ ಇರುವವರು ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಕರೆಂಟು ಹೋಗದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಇಲ್ಲದವರಿಗಾಗಿ ಒಂದನ್ನು ತಂದು ಈ ಮೇಜಿನ ಮೇಲೆ ಇಟ್ಟಿದ್ದೇನೆ, ಊಟಕ್ಕೆ ಮುಂಚೆ ಬಂದು ನೋಡಿ.