ಕೈಗಂಟಿನ ನೋವು ಮತ್ತು ಶಸ್ತ್ರಚಿಕಿತ್ಸೆ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ನಮ್ಮ ಮನೆಗಳಲ್ಲಿ ರೊಟ್ಟಿ ಬಡಿಯುವ ಕೈ ನೋಯತೊಡಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಿರುತ್ತೇವೆ. ಗುಳಿಗೆ, ಇಂಜೆಕ್ಷನ್‌ಗೆ ಬಗ್ಗದ ಸಂಧಿವಾತಕ್ಕೆ ಶಸ್ತ್ರಚಿಕಿತ್ಸೆಯೂ ಇದೆ. ಹೆಬ್ಬೆರಳ ಬುಡದಲ್ಲಿ ಕೀಲು ಸವೆದಿದ್ದರೆ ಅಲ್ಲಿನ ಸಣ್ಣ ಎಲುಬನ್ನೇ ತೆಗೆಯುತ್ತಾರೆ. ನೋವು ಇಳಿಯುತ್ತದೆ, ಹಿಡಿತ ಮರಳಲು ಮಾತ್ರ 3ರಿಂದ 6 ತಿಂಗಳು ಬೇಕು. ಬೆರಳ ಗಂಟಿಗೆ ಸಿಲಿಕೋನ್ ಕೀಲು ಕೂಡಿಸಿದರೆ ಬೆರಳು ಬಾಗುತ್ತದೆ, ಆದರೆ ಭಾರದ ಕೆಲಸಕ್ಕೆ ಅದು ಮುರಿದೀತು. ಮಣಿಕಟ್ಟನ್ನು ಪ್ಲೇಟು, ಸ್ಕ್ರೂ ಹಾಕಿ ಬೆಸೆದರೆ ನೋವಿನ ಜೊತೆ ಬಾಗುವಿಕೆಯೂ ಹೋಗುತ್ತದೆ. ಅಂಗೈ ತಿರುಗಿಸಬಹುದು, ಮುಷ್ಟಿ ಹಿಡಿಯಬಹುದು. ಕುಡುಗೋಲು, ಗುದ್ದಲಿ ಹಿಡಿಯುವವರಿಗೆ ಸಾಮಾನ್ಯವಾಗಿ ಇದೇ ಲೇಸು.

ಆದ್ದರಿಂದ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಗೆ (ನಮ್ಮ ಬಾಯಲ್ಲಿ ಅದು ಕಿಮ್ಸ್) ಹೋದಾಗ ನೋವಷ್ಟೇ ಅಲ್ಲ, ನಿಮ್ಮ ಕೈ ದಿನವೆಲ್ಲ ಮಾಡುವ ಕೆಲಸವನ್ನೂ ಡಾಕ್ಟರರಿಗೆ ಹೇಳಿರಿ. ಪ್ಲಾಸ್ಟರ್ ಇದ್ದರೆ ವುಜೂ ಹೇಗೆಂಬ ಚಿಂತೆ ಬೇಡ. ಅದರ ಮೇಲೆ ಒದ್ದೆ ಕೈಯಿಂದ ಮಸಹ್ ಮಾಡಿದರೆ ಸಾಕು.