ಕಾಲದ ಅಳತೆಯೂ ಸ್ಮೃತಿಯೂ

ಕಾಲವನ್ನು ನಾವು ಎಲ್ಲಿ ಅಳೆಯುತ್ತೇವೆಂಬ ಪ್ರಶ್ನೆಯನ್ನು ಕ್ರಿಸ್ತಶಕ 400ರ ಸುಮಾರಿನಲ್ಲಿ ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ಪನಾಗಿದ್ದ ಸಂತ ಅಗಸ್ಟೀನನು ತನ್ನ ‘ಕನ್ಫೆಷನ್ಸ್’ ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಎತ್ತಿಕೊಂಡನು. ಕಳೆದುದು ಈಗಿಲ್ಲ, ಬರಲಿರುವುದು ಇನ್ನೂ ಇಲ್ಲ, ವರ್ತಮಾನಕ್ಕೋ ಹರಹೇ ಇಲ್ಲ, ಹೀಗಿರುವಲ್ಲಿ ದೀರ್ಘಕಾಲವೆಂದು ನಾವು ಕರೆಯುವುದು ಯಾವುದನ್ನು? ಉತ್ತರವನ್ನರಸುತ್ತ ಆತನು, ತನಗೆ ದೀಕ್ಷಾಸ್ನಾನವಿತ್ತ ಆಂಬ್ರೋಸನ ಸ್ತೋತ್ರವೊಂದರ ಸಾಲನ್ನು ಪರೀಕ್ಷಿಸಿದನು. ಎಂಟು ಅಕ್ಷರಗಳ ಆ ಸಾಲಿನಲ್ಲಿ ಲಘುವೂ ಗುರುವೂ ಒಂದಾದಮೇಲೊಂದು ಬರುತ್ತವೆ. ಗುರುವು ಲಘುವಿನ ಇಮ್ಮಡಿಯೆಂಬುದು ಕಿವಿಗೆ ವಿದಿತ; ಪದ್ಯಕ್ಕೆ ಪ್ರಸ್ತಾರ ಹಾಕಿ ಮಾತ್ರೆಗಳನ್ನೆಣಿಸಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ಗುರುವನ್ನು ಅಳೆಯಬೇಕಾದರೆ ಅದು ಉಚ್ಚರಿತವಾಗಿ ಮುಗಿದಿರಬೇಕು. ಮುಗಿದಮೇಲೆ ಅದೂ ಇಲ್ಲ, ಅದಕ್ಕೆ ಮಾನದಂಡವಾದ ಲಘುವೂ ಇಲ್ಲ. ಆದುದರಿಂದ ತಾನು ಅಳೆಯುತ್ತಿರುವುದು ಅಕ್ಷರವನ್ನಲ್ಲ, ಸ್ಮೃತಿಯಲ್ಲಿ ಅದು ಒತ್ತಿಹೋದ ಮುದ್ರೆಯನ್ನು ಎಂದು ಆತನು ನಿರ್ಣಯಿಸಿದನು. ಮುಹೂರ್ತ, ಅಹೋರಾತ್ರಗಳೆಂಬ ಕ್ಷಣಸಮೂಹಗಳು ಬುದ್ಧಿನಿರ್ಮಿತಗಳೆಂದು ನಮ್ಮ ಯೋಗಸೂತ್ರಗಳ ವ್ಯಾಸಭಾಷ್ಯವೂ ಹೇಳಿದೆ. ಆದರೆ ಸ್ಮೃತಿಯನ್ನೇ ಅಳತೆಗೋಲಾಗಿ ಹಿಡಿದವನು ಅಗಸ್ಟೀನನು. ಪ್ರಯೋಗಶಾಲೆಯ ನೆರವಿಲ್ಲದೆ, ಛಂದಸ್ಸೊಂದರ ಬಲದಿಂದ ಇಟ್ಟ ಆ ಹೆಜ್ಜೆ ಈ ವಿಚಾರದ ಚರಿತ್ರೆಯಲ್ಲೇ ಅತ್ಯಂತ ಧೀರವಾದುದೆಂದು ನಾನು ಬಗೆಯುತ್ತೇನೆ.

ಬಹುಕಾಲ ತತ್ತ್ವಜ್ಞರ ಸ್ವತ್ತಾಗಿದ್ದ ಈ ವಿಷಯವನ್ನು ಜರ್ಮನಿಯ ಕಾರ್ಲ್ ಫೀರಾರ್ಟನು ಪ್ರಯೋಗಕ್ಕೊಡ್ಡಿ, ಹ್ರಸ್ವಾವಧಿಗಳನ್ನು ನಾವು ಹಿಗ್ಗಿಸಿಯೂ ದೀರ್ಘಾವಧಿಗಳನ್ನು ಕುಗ್ಗಿಸಿಯೂ ಎಣಿಸುವೆವೆಂದು 1868ರಲ್ಲಿ ತೋರಿಸಿದನು. ಫ್ರಾನ್ಸಿನ ಪೌಲ್ ಜಾನೆ 1877ರಲ್ಲಿ, ಹತ್ತು ವರ್ಷದ ಬಾಲಕನಿಗೆ ಒಂದು ವರ್ಷವು ಆಯುಸ್ಸಿನ ಹತ್ತನೆಯ ಒಂದು ಪಾಲೆಂದೂ ಐವತ್ತರವನಿಗೆ ಐವತ್ತನೆಯ ಒಂದು ಪಾಲೆಂದೂ ಲೆಕ್ಕ ಹಾಕಿದನು. ಈ ಗಣಿತ ಅಚ್ಚುಕಟ್ಟಾದುದು. ಆದರೆ ವಯಸ್ಸಾದಂತೆ ವರ್ಷಗಳೇಕೆ ಓಡುತ್ತವೆಂಬುದಕ್ಕೆ ಅದು ಕಾರಣ ಕೊಡುವುದಿಲ್ಲ. ಕಾರಣವನ್ನು ಹೇಳಿದವನು ಅಮೆರಿಕದ ವಿಲಿಯಂ ಜೇಮ್ಸ್. 1890ರಲ್ಲಿ ಪ್ರಕಟವಾದ ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಆತನು ಅನುಭವಿಸುವ ಕಾಲವನ್ನೂ ಸ್ಮರಿಸುವ ಕಾಲವನ್ನೂ ಬೇರ್ಪಡಿಸಿದನು: ನವನವೀನವಾದ ಅನುಭವಗಳಿಂದ ತುಂಬಿದ ದಿನವು ಸಾಗುವಾಗ ಕ್ಷಿಪ್ರವಾಗಿಯೂ ಹಿಂದಿರುಗಿ ನೋಡುವಾಗ ದೀರ್ಘವಾಗಿಯೂ ತೋರುತ್ತದೆ, ಬರಿದಾದ ದಿನವು ಸಾಗಲೊಲ್ಲದೆ ಬೇಸರ ತರುತ್ತದೆ, ನೆನಪಿನಲ್ಲಾದರೋ ಕುಗ್ಗಿಹೋಗುತ್ತದೆ. ರೋಗಶಯ್ಯೆಯಲ್ಲಿ ಒಂದು ತಿಂಗಳು ಕಳೆದವರೆಲ್ಲರೂ ಇದನ್ನು ಬಲ್ಲರು. ಬಾಲ್ಯದಲ್ಲಿ ಎಲ್ಲವೂ ಹೊಸತು. ಮುಂದೆ ಅಭ್ಯಾಸಬಲವು ಒಂದು ದಿನವನ್ನು ಇನ್ನೊಂದರಿಂದ ಪ್ರತ್ಯೇಕಿಸದಂತೆ ಮಾಡುವುದರಿಂದ, ಸ್ಮೃತಿಗೆ ಹಿಡಿದಿಡಲು ಏನೂ ದೊರೆಯುವುದಿಲ್ಲ.

ಇದಕ್ಕೊಂದು ನಿದರ್ಶನ: 1962ರಲ್ಲಿ ಇಪ್ಪತ್ತಮೂರು ವರ್ಷದ ಫ್ರೆಂಚ್ ಭೂವಿಜ್ಞಾನಿ ಮಿಶೆಲ್ ಸಿಫ್ರ್, ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಸ್ಕಾರಸ್ಸೋನ್ ಎಂಬ ಹಿಮಗುಹೆಯೊಳಗೆ ಸುಮಾರು ಎರಡು ತಿಂಗಳು ಒಂಟಿಯಾಗಿ ವಾಸಿಸಿದನು. ಏಳುವಾಗಲೂ ಮಲಗುವಾಗಲೂ ಆತನು ಟೆಲಿಫೋನಿನಲ್ಲಿ ಮೇಲಿನವರಿಗೆ ತಿಳಿಸುತ್ತಿದ್ದನು. ಅವರು ವೇಳೆಯನ್ನು ಹೇಳುತ್ತಿರಲಿಲ್ಲ. ಸೆಪ್ಟೆಂಬರ್ 14ರಂದು ಅವಧಿ ಮುಗಿಯಿತೆಂದು ಅವರು ತಿಳಿಸಿದಾಗ ಆತನ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20. ಇಪ್ಪತ್ತೈದು ದಿನಗಳು ಲೆಕ್ಕದಿಂದ ಜಾರಿಹೋಗಿದ್ದವು! ಆದರೂ ಆತನ ನಿದ್ರೆ ಎಚ್ಚರಗಳ ಚಕ್ರವು ಇಪ್ಪತ್ತನಾಲ್ಕು ಗಂಟೆಗಳ ಆಸುಪಾಸಿನಲ್ಲೇ ತಿರುಗುತ್ತಿತ್ತು. ದೇಹವು ದಿನಗಳನ್ನು ಪಾಲಿಸಿತು; ಕತ್ತಲೆಯ ಏಕರೂಪದ ದಿನಗಳಿಂದ ಸ್ಮೃತಿಯು ಮಾತ್ರ ಎಣಿಕೆಗೆ ಗುರುತುಗಳನ್ನು ಪಡೆಯಲಿಲ್ಲ.

ಸ್ಮೃತಿಯೇ ಕಡಿದುಹೋದವನ ಗತಿಯೇನು? ಅಪಸ್ಮಾರದ ಚಿಕಿತ್ಸೆಗಾಗಿ 1953ರಲ್ಲಿ ನಡೆದ ಮೆದುಳಿನ ಶಸ್ತ್ರಕ್ರಿಯೆಯಿಂದ ಹೊಸ ನೆನಪುಗಳನ್ನು ಕೂಡಿಡುವ ಶಕ್ತಿಯನ್ನೇ ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್ನನನ್ನು ಪರೀಕ್ಷಿಸಿದ ವಿಟ್‌ಮನ್ ರಿಚರ್ಡ್ಸ್ 1973ರಲ್ಲಿ ಕಂಡುದು ಇದು: ಇಪ್ಪತ್ತು ಸೆಕೆಂಡುಗಳವರೆಗಿನ ಅವಧಿಯನ್ನು ಆತನು ಎಲ್ಲರಂತೆಯೇ ಅಂದಾಜು ಮಾಡಬಲ್ಲನು, ಅದನ್ನು ದಾಟಿದ ಅವಧಿಗಳೆಲ್ಲವೂ ಆತನ ಎಣಿಕೆಯಲ್ಲಿ ಇದ್ದುದಕ್ಕಿಂತ ಬಹಳ ಮೊಟಕಾಗಿಬಿಡುತ್ತಿದ್ದವು.